ಹೈಪೋ ಅಂದ್ರೆ ಯಾವ ಹೈಪೋ? ನಮ್ಮ ಪ್ಲೇಟಿಂಗ್ ಶೆಡ್ಡಿಗೆ ಲೇಬಲ್ ಹಚ್ಚಿದ ಕತೆ

ಎರಡು ಅರ್ಧರ್ಧ ಕ್ಯಾನ್ ಇತ್ತು, ಜಾಗ ಉಳೀಲಿ ಅಂತ ಹುಡುಗ ಒಂದನ್ನ ಇನ್ನೊಂದಕ್ಕೆ ಬಗ್ಗಿಸ್ದ. ಆಗಿದ್ದು ಇಷ್ಟೇ. ಎರಡರ ಮೇಲೂ ಸೋಡಿಯಂ ಹೈಪೋಕ್ಲೋರೈಟ್ (ನಮ್ಮ ಬಾಯಲ್ಲಿ ಹೈಪೋ) ಅಂತಾನೇ ಹರಿದುಹೋದ ಚೀಟಿ ಇತ್ತು, ಎರಡೂ 35 ಲೀಟರಿನ ಬಿಳಿ ಕ್ಯಾನು, ಒಳಗಿರೋದೂ ಎರಡೂ ತಿಳಿ ಹಳದಿ ನೀರಿನ ಥರಾನೇ. ಆದ್ರೆ ಒಂದರಲ್ಲಿದ್ದದ್ದು ಹೈಡ್ರೋಕ್ಲೋರಿಕ್ ಆಸಿಡ್, ಸಪ್ಲೈ ಮಾಡೋರು ಹಳೆ ಹೈಪೋ ಕ್ಯಾನನ್ನೇ ತೊಳೆದು ಅದರಲ್ಲಿ ಆಸಿಡ್ ತುಂಬಿಸಿ ಕಳ್ಸಿದ್ರು, ಚೀಟಿ ಕಿತ್ತಿರ್ಲಿಲ್ಲ. ಹೈಪೋಗೆ ಆಸಿಡ್ ಬಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಬಂತು. ಎಲ್ರೂ ಕರ್ಚೀಫು ಮೂಗಿಗೆ ಇಟ್ಕೊಂಡು ರೋಡಿಗೆ ಓಡಿದ್ವಿ, ಹುಡುಗ ಒಂದು ರಾತ್ರಿ ಆಸ್ಪತ್ರೇಲಿ ಆಕ್ಸಿಜನ್ ಹಾಕಿಸ್ಕೊಂಡು ಮಲಗಿದ್ದ, ಪುಣ್ಯಕ್ಕೆ ಹುಷಾರಾದ.

ನಮ್ಮದು ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಝಿಂಕ್ ಪ್ಲೇಟಿಂಗ್ ಶೆಡ್ಡು. ಬೋಲ್ಟು, ಬ್ರಾಕೆಟ್ಟು, ಕ್ಲಾಂಪು ಇಂಥವಕ್ಕೆ ತುಕ್ಕು ಹಿಡೀದಂಗೆ ಝಿಂಕಿನ ತೆಳು ಪದರ ಹಚ್ಚಿಕೊಡ್ತೀವಿ. ನಾನು ಸ್ಟೋರ್ಸು ಮತ್ತೆ ಮೇಂಟೆನೆನ್ಸು ನೋಡ್ಕೊಳ್ಳೋನು, ಕೆಮಿಸ್ಟ್ರಿ ಪಿಯುಸಿಗೇ ನಿಂತೋಯ್ತು. ಅವತ್ತು ಹುಡುಗನ್ನ ಬೈಯೋಕೆ ಹೋದೆ, ಅವನು ಕೇಳಿದ ಒಂದೇ ಮಾತು, "ಭೈಯಾ, ಅದ್ರ ಮೇಲೆ ಬರ್ದಿದ್ದನ್ನೇ ನೋಡಿ ಹಾಕ್ದೆ ಅಲ್ವಾ?" ಹೌದಲ್ಲ. ಚೀಟಿ ಓದಿದ್ದಕ್ಕೇ ಅವನಿಗೆ ಹಾಗಾಗಿದ್ದು, ಓದದೇ ಇದ್ದಿದ್ರೆ ಯಾರನ್ನಾದ್ರೂ ಕೇಳಿರ್ತಿದ್ದ. ಯಜಮಾನ್ರು ಮಾರನೇ ದಿನ ಕರೆದು, "ನೀನೇ ಮಾಡಪ್ಪ ಇದನ್ನ, ಎಷ್ಟಾಗುತ್ತೋ ಹೇಳು" ಅಂದ್ರು. ಆಮೇಲಿನ ಎರಡು ತಿಂಗಳ ಕತೆ ಇದು, ಕೆಟ್ಟಿದ್ದೂ ಸೇರಿಸಿ ಬರೀತಿದೀನಿ, ಯಾಕಂದ್ರೆ ಕೆಟ್ಟಿದ್ದೇ ಜಾಸ್ತಿ.

ಮೊದಲು ಎಣಿಸಿದ್ದು. ಒಂದು ಭಾನುವಾರ ಬಾಗಿಲು ಹಾಕ್ಕೊಂಡು ಡ್ರಮ್ಮು, ಕ್ಯಾನು, ಡಬ್ಬ, ಮಗ್ಗು, ಬಿಸ್ಲೇರಿ ಬಾಟಲು ಎಲ್ಲಾ ಲೆಕ್ಕ ಹಾಕಿದ್ರೆ 63 ಆಯ್ತು. ನಾನು 20 ಇರಬಹುದು ಅಂದ್ಕೊಂಡಿದ್ದೆ. ಅದರಲ್ಲಿ ಸರಿಯಾದ ಲೇಬಲ್ ಇದ್ದದ್ದು 19ಕ್ಕೆ, ಮಾರ್ಕರ್ ಪೆನ್ನಲ್ಲಿ ಏನೋ ಗೀಚಿದ್ದು 27ಕ್ಕೆ, ಉಳಿದ 17ಕ್ಕೆ ಏನೂ ಇಲ್ಲ. ಗೀಚಿದ್ದರ ವೈಭವ ಕೇಳ್ಬೇಡಿ. "ಹಳದಿ", "ಹೊಸ ನೀರು", "ದೊಡ್ಡಣ್ಣನ ಡಬ್ಬ ಮುಟ್ಬೇಡಿ", "ಉಪ್ಪು". ಉಪ್ಪು ಅಂದ್ರೆ ಝಿಂಕ್ ಸಾಲ್ಟು ಅಂತ ನಮಗೆ ಗೊತ್ತು, ಅದನ್ನ ಊಟದ ರೂಮಿನ ಪಕ್ಕದ ಶೆಲ್ಫಲ್ಲೇ ಇಟ್ಟಿದ್ರು.

ಆಮೇಲೆ ಹೆಸರಿನ ಗಲಾಟೆ. ಇದು ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡ ಕೆಲಸ. ಹೈಪೋ ಅಂದ್ರೆ ನಮ್ಮಲ್ಲಿ ಬಟ್ಟೆಗೆ ಹಾಕೋ ಬ್ಲೀಚಿನ ಜಾತಿ, ಸೋಡಿಯಂ ಹೈಪೋಕ್ಲೋರೈಟು. ಯಜಮಾನ್ರ ತಮ್ಮ ಹಳೆ ಕಾಲದ ಫೋಟೋ ಸ್ಟುಡಿಯೋ ಇಟ್ಟಿದ್ದವರು, ಅವರಿಗೆ ಹೈಪೋ ಅಂದ್ರೆ ಸೋಡಿಯಂ ಥಯೋಸಲ್ಫೇಟು, ಫಿಲಂ ಫಿಕ್ಸ್ ಮಾಡೋದು. ಎರಡಕ್ಕೂ ಸಂಬಂಧಾನೇ ಇಲ್ಲ. "ಸೋಡಾ" ಅಂದ್ರೆ ಒಬ್ರಿಗೆ ಸೋಡಾ ಆಶ್, ಇನ್ನೊಬ್ರಿಗೆ ಕಾಸ್ಟಿಕ್ ಸೋಡಾ, ಒಂದು ಕೈಗೆ ಉರಿ ಅಷ್ಟೇ, ಇನ್ನೊಂದು ಚರ್ಮಾನೇ ತಿನ್ನುತ್ತೆ. "ಕ್ರೋಮಿಕ್" ಅಂತ ಇಬ್ರು ಕರೆಯೋದು ಎರಡು ಬೇರೆ ಬೇರೆ ಡ್ರಮ್ಮನ್ನ, ಒಂದರಲ್ಲಿ ಕ್ರೋಮಿಕ್ ಆಸಿಡ್ಡಿನ ಕೆಂಪು ಚಕ್ಕೆ, ಇನ್ನೊಂದರಲ್ಲಿ ಈಗ ಬಳಸೋ ಟ್ರೈವೇಲೆಂಟ್ ನೀಲಿ ಪ್ಯಾಸಿವೇಶನ್, ಅಂದ್ರೆ ಝಿಂಕಿನ ಮೇಲೆ ರಕ್ಷಣೆಗೆ ಕೊಡೋ ಬೇರೆ ಜಾತಿ ಕ್ರೋಮಿನ ದ್ರಾವಣ. ಮೊದಲನೇದು ಕ್ಯಾನ್ಸರ್ ತರೋದು, ಎರಡನೇದು ಅಷ್ಟು ಕೆಟ್ಟದಲ್ಲ. ಅದಕ್ಕೇ ಒಂದು ನೋಟ್‌ಬುಕ್ಕಲ್ಲಿ ಎಡಗಡೆ ಎಲ್ರ ಬಾಯಲ್ಲಿರೋ ಹೆಸರು, ಬಲಗಡೆ ಬಿಲ್ಲಿನ ಮೇಲಿರೋ ಹೆಸರು ಬರ್ಕೊಂಡು ಕೂತೆ. ಒಂದು ಹೆಸರಿಗೆ ಎರಡು ಸಾಮಾನು ಇರೋ ಕಡೆ ಎಲ್ಲಾ ಕೆಂಪು ಗೆರೆ. ಒಂಬತ್ತು ಕೆಂಪು ಗೆರೆ ಬಿತ್ತು.

ಲೇಬಲ್ ಇಲ್ಲದ 17 ಏನು ಮಾಡೋದು? ದಯವಿಟ್ಟು ಮೂಸಿ ನೋಡ್ಬೇಡಿ, ನಮ್ಮ ಶೆಡ್ಡಿನ ಹಿರಿಯ ದೊಡ್ಡಣ್ಣ ಮೂವತ್ತು ವರ್ಷದಿಂದ ಮೂಸಿ ನೋಡೇ ಹೇಳ್ತಾರೆ, ಈಗ ಅವರಿಗೆ ಮನೇಲಿ ಸಾರು ಸೀದ್ರೂ ವಾಸನೆ ಬರಲ್ವಂತೆ. ನಾವು ಶೆಡ್ಡಿನ ಹೊರಗೆ ಗಾಳಿ ಆಡೋ ಕಡೆ ಟೇಬಲ್ ಹಾಕ್ಕೊಂಡು, ಫೇಸ್ ಶೀಲ್ಡು, ಉದ್ದ ಪಿವಿಸಿ ಗ್ಲೌಸು ಹಾಕ್ಕೊಂಡು, ಒಂದೊಂದರಿಂದ ಸ್ವಲ್ಪ ಸ್ವಲ್ಪ ತೆಗೆದ್ವಿ. ಪಿಎಚ್ ಪೇಪರ್ ಮೊದಲು. ಕೆಂಪಾದ್ರೆ ಆಸಿಡ್ಡು, ಗಾಢ ನೀಲಿ ಆದ್ರೆ ಕಾಸ್ಟಿಕ್ ಜಾತಿ. ಒಂದರಲ್ಲಿ ಪೇಪರ್ ನೀಲಿ ಆಗಿ, ನೋಡ್ತಾ ನೋಡ್ತಾ ಬಿಳಿ ಆಗ್ಬಿಡ್ತು, ಬಣ್ಣಾನೇ ಹೊರಟೋಯ್ತು. ಅದು ಹೈಪೋ, ಪೇಪರನ್ನೇ ಬ್ಲೀಚ್ ಮಾಡ್ತು.

ಆಸಿಡ್ಡಲ್ಲಿ ಯಾವ ಆಸಿಡ್ಡು ಅಂತ ತಿಳಿಯೋಕೆ ತೂಕ. 50 ಎಂಎಲ್ ಅಳತೆ ಸಿಲಿಂಡರಲ್ಲಿ ತೆಗೆದು ತಕ್ಕಡಿ ಮೇಲಿಟ್ರೆ ಸಲ್ಫ್ಯೂರಿಕ್ 98 ಪರ್ಸೆಂಟಿಂದು 92 ಗ್ರಾಂ ಹತ್ರ ಬರುತ್ತೆ, ಯಾಕಂದ್ರೆ ಅದರ ಸಾಂದ್ರತೆ 1.84. ಸ್ಟ್ರಾಂಗ್ ನೈಟ್ರಿಕ್ 70 ಗ್ರಾಂ ಸುಮಾರು. ಹೈಡ್ರೋಕ್ಲೋರಿಕ್ 30-33 ಪರ್ಸೆಂಟಿಂದು 58 ಗ್ರಾಂ. ಇಷ್ಟು ದೂರ ದೂರ ಇರೋದ್ರಿಂದ ನಮ್ಮ ಥರ ಅರೆಬರೆ ಓದಿದೋರೂ ಹೇಳಬಹುದು. ಆದ್ರೆ ಇದು ಸ್ಟ್ರಾಂಗ್ ಇರೋದಕ್ಕೆ ಮಾತ್ರ, ನೀರು ಬೆರೆಸಿದ್ರೆ ಲೆಕ್ಕ ಎಲ್ಲಾ ತಲೆಕೆಳಗು. 17ರಲ್ಲಿ 12 ಗುರುತು ಹಿಡಿದ್ವಿ, ಒಂದು ನೀರು ಅಂತ ಗೊತ್ತಾಯ್ತು, ಕುಡಿಯೋ ನೀರು, ಯಾರೋ ಬೇಸಿಗೇಲಿ ತಂದಿಟ್ಟಿದ್ದು. ಉಳಿದ ನಾಲ್ಕು ಏನಂತ ಗೊತ್ತಾಗ್ಲೇ ಇಲ್ಲ. ಊಹೆ ಮಾಡಿ ಹೆಸರು ಹಾಕೋಕೆ ಮನಸ್ಸು ಬರ್ಲಿಲ್ಲ, ವೇಸ್ಟು ಅಂತಾನೇ ಬೇರೆ ಇಟ್ವಿ.

ವೇಸ್ಟಿಗೆ ಲೇಬಲ್ಲೇ ಬೇರೆ, ಇದು ನನಗೂ ಗೊತ್ತಿರ್ಲಿಲ್ಲ. 2016ರ ಹಜಾರ್ಡಸ್ ವೇಸ್ಟ್ ರೂಲ್ಸಲ್ಲಿ ಫಾರ್ಮ್ 8 ಅಂತ ಇದೆ, ಅದರ ಪ್ರಕಾರ ಮಿಂಚೋ ಹಳದಿ ಬಣ್ಣದ ಚೀಟಿ, ಹಜಾರ್ಡಸ್ ವೇಸ್ಟ್ ಅನ್ನೋದು ಕೆಂಪಕ್ಷರದಲ್ಲಿ, ಹಿಂದಿ, ಇಂಗ್ಲಿಷು ಮತ್ತೆ ಆಯಾ ಊರಿನ ಭಾಷೇಲಿ ಇರ್ಬೇಕು, ನೀರಿಗೆ ಅಳಿಸಬಾರದು. ಅಂದ್ರೆ ಕನ್ನಡದಲ್ಲಿ ಬರೀರಿ ಅಂತ ಕಾನೂನೇ ಹೇಳಿದೆ, ಕಸಕ್ಕೆ. ಹೊಸ ಆಸಿಡ್ ಡ್ರಮ್ಮಿನ ಮೇಲೆ ಮಾತ್ರ ನಾನು ಇವತ್ತಿನ ತನಕ ಒಂದು ಅಕ್ಷರ ಕನ್ನಡ ನೋಡಿಲ್ಲ, ಅದೇನು ಕರ್ಮವೋ.

ಇನ್ನು ಅಸಲಿ ಲೇಬಲ್ಲಿಗೆ ಬರೋಣ. ಜಿಎಚ್‌ಎಸ್ ಅಂತ ವಿಶ್ವಸಂಸ್ಥೆಯೋರು ಮಾಡಿರೋ ಪದ್ಧತಿ ಇದೆ, ಮೊದಲ ಪುಸ್ತಕ 2003ರಲ್ಲಿ ಬಂತು, ನೇರಳೆ ರಟ್ಟು. ಕೆಂಪು ಅಂಚಿನ ವಜ್ರದಾಕಾರ, ಬಿಳಿ ಒಳಗೆ ಕಪ್ಪು ಚಿತ್ರ, ಒಟ್ಟು ಒಂಬತ್ತು ಚಿತ್ರ. ಅದರ ಜೊತೆ ಸಾಮಾನಿನ ಹೆಸರು, ಒಂದು ಎಚ್ಚರದ ಪದ, ಏನಾಗುತ್ತೆ ಅನ್ನೋ ವಾಕ್ಯ, ಏನು ಮಾಡ್ಬೇಕು ಅನ್ನೋ ವಾಕ್ಯ, ಯಾರು ಸಪ್ಲೈ ಮಾಡಿದ್ದು ಅನ್ನೋದು. ನಮ್ಮ ದೇಶದಲ್ಲಿ ಭೋಪಾಲ್ ಆದ್ಮೇಲೆ 1987ರಲ್ಲಿ ಫ್ಯಾಕ್ಟರೀಸ್ ಆಕ್ಟ್‌ಗೆ 41ಬಿ ಅನ್ನೋದನ್ನ ಸೇರಿಸಿ, ಕೆಲಸ ಮಾಡೋರಿಗೆ ಅಪಾಯ ಏನು ಅಂತ ಮಾಲೀಕ ಹೇಳಲೇಬೇಕು ಅಂದ್ರು. 1989ರ ಅಪಾಯಕಾರಿ ಕೆಮಿಕಲ್ ರೂಲ್ಸಿನ 17ನೇ ರೂಲಲ್ಲಿ ಸೇಫ್ಟಿ ಡೇಟಾ ಶೀಟ್ ಇಟ್ಕೊಳ್ಳಿ, ಪ್ರತಿ ಡಬ್ಬದ ಮೇಲೆ ಒಳಗೇನಿದೆ, ತಯಾರಿಸಿದೋರು ಯಾರು, ಅದರ ಗುಣ ಏನು ಅಂತ ಬರೀರಿ ಅಂತಾನೂ ಇದೆ. ಸಪ್ಲೈ ಮಾಡೋರನ್ನ ಡೇಟಾ ಶೀಟ್ ಕೇಳಿದ್ರೆ ಮೂರು ದಿನದಲ್ಲಿ ವಾಟ್ಸಾಪಲ್ಲೇ ಬಂತು, 16 ವಿಭಾಗದ್ದು. ಪೂರ್ತಿ ಓದೋಕೆ ಹೋಗ್ಬೇಡಿ, ನಿದ್ದೆ ಬರುತ್ತೆ. ಲೇಬಲ್ಲಿಗೆ ಬೇಕಾಗಿರೋದು ಎರಡನೇ ವಿಭಾಗ, ಜೊತೆಗೆ ಏಳು ಮತ್ತೆ ಹತ್ತು, ಅಂದ್ರೆ ಎಲ್ಲಿಡೋದು, ಯಾವುದರ ಜೊತೆ ಇಡಬಾರದು.

ಇಲ್ಲಿ ಒಂದು ಪಾಠ ಕಲಿತೆ. ಅದೇ ಸಾಮಾನು, ಸ್ಟ್ರಾಂಗ್ ಎಷ್ಟಿದೆ ಅನ್ನೋದರ ಮೇಲೆ ಲೇಬಲ್ ಬದಲಾಗುತ್ತೆ. ಯುರೋಪಿನೋರ ಪಟ್ಟಿ ಪ್ರಕಾರ ಹೈಡ್ರೋಕ್ಲೋರಿಕ್ 25 ಪರ್ಸೆಂಟೋ ಅದಕ್ಕಿಂತ ಜಾಸ್ತಿನೋ ಇದ್ರೆ ಚರ್ಮ ಸುಡೋದು, ಕೈ ಮೇಲೆ ಹನಿ ಬೀಳೋ ಚಿತ್ರ. 10ರಿಂದ 25ರ ಮಧ್ಯೆ ಇದ್ರೆ ಬರೀ ಆಶ್ಚರ್ಯ ಚಿಹ್ನೆ, ಉರಿ ತರಿಸೋದು ಅಷ್ಟೇ. ತುಕ್ಕು ಬಿಡಿಸೋ ನಮ್ಮ ಪಿಕ್ಲಿಂಗ್ ಟ್ಯಾಂಕು 15 ಪರ್ಸೆಂಟ್ ಆಸುಪಾಸು, ಅಂದ್ರೆ ಕಾಗದದ ಮೇಲೆ ಆಶ್ಚರ್ಯ ಚಿಹ್ನೆ ಸಾಕು. ಆದ್ರೆ ನಮ್ಮ ಹುಡುಗ್ರು ತುಕ್ಕು ಬೇಗ ಬಿಡಲಿ ಅಂತ ಸಂಜೆ ಮೇಲೆ ಎರಡು ಮಗ್ ಫ್ರೆಶ್ ಆಸಿಡ್ ಹಾಕ್ತಾರಲ್ಲ, ಆವಾಗ ಎಷ್ಟಿರುತ್ತೆ ಅಂತ ಯಾರಿಗ್ಗೊತ್ತು? ಅದಕ್ಕೆ ನಾನು ಟ್ಯಾಂಕಿಗೂ ಕೈ ಸುಡೋ ಚಿತ್ರಾನೇ ಹಾಕ್ದೆ. ಜಾಸ್ತಿ ಹೆದರಿಸಿದ್ದಾಯ್ತು ಅಂತ ಯಾರಾದ್ರೂ ಅಂದ್ರೆ ಅನ್ಲಿ.

ಕಾಸ್ಟಿಕ್ಕಿನ ಲೆಕ್ಕ ನೋಡಿ ದಂಗಾದೆ. ಅದಕ್ಕೆ 5 ಪರ್ಸೆಂಟ್ ಇದ್ರೂ ಸಾಕು, ಅತಿ ಕೆಟ್ಟ ದರ್ಜೆ, 2 ಪರ್ಸೆಂಟಿಂದಾನೇ ಸುಡೋದು ಶುರು. ಎಣ್ಣೆ ಜಿಡ್ಡು ತೆಗೆಯೋ ನಮ್ಮ ಡಿಗ್ರೀಸಿಂಗ್ ಟ್ಯಾಂಕು 6 ಪರ್ಸೆಂಟು, ಅದೂ ಬಿಸಿ. ನಮ್ಮಲ್ಲಿ ಎಲ್ರೂ ಆಸಿಡ್ ಅಂದ್ರೆ ಮಾರು ದೂರ ನಿಲ್ತಾರೆ, ಕಾಸ್ಟಿಕ್ ಟ್ಯಾಂಕಿಗೆ ಬರಿಗೈ ಹಾಕಿ ಬೋಲ್ಟ್ ಎತ್ತುತ್ತಾರೆ, "ಸೋಪಿನ ನೀರು ಕಣ್ರಿ ಅದು" ಅಂತ. ಸೋಪಿನ ಥರ ಜಾರೋದು ಯಾಕಂದ್ರೆ ನಿಮ್ಮ ಚರ್ಮದ ಕೊಬ್ಬನ್ನೇ ಅದು ಸೋಪು ಮಾಡ್ತಿರುತ್ತೆ, ಅಂತ ಹೇಳಿದ ದಿನ ದೊಡ್ಡಣ್ಣ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು.

ನಂಬರಿನ ಎಡವಟ್ಟು ಒಂದಿದೆ, ಇದನ್ನ ಗಮನ ಇಟ್ಟು ಓದಿ. ಕೆಲವು ಡ್ರಮ್ಮಿನ ಮೇಲೆ ನೀಲಿ, ಕೆಂಪು, ಹಳದಿ, ಬಿಳಿ ನಾಲ್ಕು ಭಾಗದ ಚೌಕ ಇರುತ್ತೆ, ಅದು ಅಮೆರಿಕದ ಫೈರ್‌ನೋರ ಎನ್‌ಎಫ್‌ಪಿಎ ಪದ್ಧತಿ. ಅದರಲ್ಲಿ 0 ಅಂದ್ರೆ ಏನಿಲ್ಲ, 4 ಅಂದ್ರೆ ಭಯಂಕರ. ಜಿಎಚ್‌ಎಸ್‌ನಲ್ಲಿ ಕ್ಯಾಟಗರಿ 1 ಅಂದ್ರೆ ಭಯಂಕರ, 4 ಅಂದ್ರೆ ಕಮ್ಮಿ. ಪೂರ್ತಿ ಉಲ್ಟಾ! ನಾನು ಮೊದಲನೇ ಡ್ರಾಫ್ಟಲ್ಲಿ ಕ್ಯಾಟಗರಿ ನಂಬರನ್ನೂ ಲೇಬಲ್ ಮೇಲೆ ದಪ್ಪಗೆ ಹಾಕಿದ್ದೆ, ಸುಪರ್‌ವೈಸರ್ ನೋಡಿ "ಒಂದೇ ತಾನೇ, ಪರವಾಗಿಲ್ಲ" ಅಂದ್ರು. ಅವತ್ತೇ ನಂಬರೆಲ್ಲಾ ಕಿತ್ತಾಕಿದೆ.

ಚಿತ್ರ ಎಲ್ರಿಗೂ ಅರ್ಥ ಆಗುತ್ತೆ, ಭಾಷೆ ಬೇಡ ಅಂತಾರಲ್ಲ, ಅದನ್ನೂ ಪರೀಕ್ಷೆ ಮಾಡ್ದೆ. ಒಂಬತ್ತು ಚಿತ್ರ ಎ4ನಲ್ಲಿ ಪ್ರಿಂಟ್ ತೆಗೆದು ಟೀ ಟೈಮಲ್ಲಿ ಒಬ್ಬೊಬ್ರನ್ನೇ ಕೇಳ್ದೆ. ತಲೆಬುರುಡೆ ಎಲ್ರೂ ಪಾಸು, ಟ್ರಾನ್ಸ್‌ಫಾರ್ಮರ್ ಮೇಲೆ ನೋಡಿರ್ತಾರೆ, ಈಗ ಸೆಸ್ಕ್ ಆಗಿ ಎಷ್ಟೋ ವರ್ಷ ಆದ್ರೂ ನಮ್ಮ ಬಾಯಲ್ಲಿ ಅದು ಕೆಇಬಿ ಬುರುಡೇನೇ. ಬೆಂಕಿಯೂ ಪಾಸು. ಕೈ ಮೇಲೆ ಹನಿ ಬೀಳೋ ಚಿತ್ರಕ್ಕೆ ನಾಲ್ಕು ಜನ ಹೇಳಿದ್ದು "ಕೈ ತೊಳ್ಕೊಳಿ" ಅಂತ! ಆಸಿಡ್ ಕ್ಯಾನ್ ಮೇಲೆ ಕೈ ತೊಳ್ಕೊಳಿ. ಎದೆಯಲ್ಲಿ ನಕ್ಷತ್ರ ಒಡೆದಿರೋ ಮನುಷ್ಯನ್ನ ನೋಡಿ ಪ್ಯಾಕಿಂಗ್ ಅಕ್ಕ "ಹಾರ್ಟ್ ಅಟ್ಯಾಕ್ ಆದೋರು ಇದನ್ನ ಮುಟ್ಬಾರ್ದು" ಅಂದ್ರು, ಅದು ಕ್ಯಾನ್ಸರು, ಉಬ್ಬಸ, ಒಳಗಿನ ಅಂಗಕ್ಕೆ ನಿಧಾನಕ್ಕೆ ಆಗೋ ಹಾನಿ, ಇಷ್ಟನ್ನೆಲ್ಲಾ ಹೇಳೋ ಚಿತ್ರ. ಸತ್ತ ಮೀನಿಗೆ "ಕೆರೇಲಿ ಮೀನು ಹಿಡೀಬಹುದು". ವೃತ್ತದ ಮೇಲೆ ಬೆಂಕಿ ಇರೋದಕ್ಕೆ ಎಲ್ರದ್ದೂ ಒಂದೇ ಉತ್ತರ, ಗ್ಯಾಸ್ ಸ್ಟವ್. ಹಾಗಾಗಿ ಚಿತ್ರದ ಕೆಳಗೆ ಮಾತು ಬೇಕೇ ಬೇಕು, ಬಿಹಾರದ ಹುಡುಗ್ರಿಗೆ ಹಿಂದೀಲೂ ಬೇಕು ಅಂತ ತೀರ್ಮಾನ ಮಾಡ್ದೆ.

ಮಾತು ಅಂದ್ರೆ ಎಂಥ ಮಾತು? ಮೊದಲು ಡಿಕ್ಷನರಿ ನೋಡ್ಕೊಂಡು ಬರೆದೆ, ನಾಶಕಾರಿ, ದಹನಶೀಲ, ಉತ್ಕರ್ಷಣಕಾರಿ. ದೊಡ್ಡಣ್ಣ ಓದಿ, "ಉತ್ಕರ್ಷ ಅಂದ್ರೆ ಏಳಿಗೆ ಅಲ್ವೇನೋ, ಒಳ್ಳೇದೇ ಬಿಡು" ಅಂದ್ರು. ಎಲ್ಲಾ ಹರಿದಾಕಿ ಬಾಯಲ್ಲಿ ಹೇಳೋ ಥರ ಬರೆದೆ. ನಾಶಕಾರಿ ಹೋಗಿ "ಚರ್ಮ ಸುಡುತ್ತೆ, ಕಣ್ಣು ಹೋಗುತ್ತೆ" ಆಯ್ತು. ಉತ್ಕರ್ಷಣಕಾರಿ ಹೋಗಿ "ತಾನು ಉರಿಯಲ್ಲ, ಪಕ್ಕದ್ದನ್ನ ಉರಿಸುತ್ತೆ" ಆಯ್ತು. ಎಚ್ಚರದ ಪದ ಎರಡೇ, ಜಾಸ್ತಿ ಕೆಟ್ಟದ್ದಕ್ಕೆ "ಅಪಾಯ", ಕಮ್ಮಿದಕ್ಕೆ "ಎಚ್ಚರಿಕೆ", ಒಂದು ಲೇಬಲ್ಲಲ್ಲಿ ಒಂದೇ ಇರ್ಬೇಕು, ಅಪಾಯ ಇದ್ದ ಕಡೆ ಎಚ್ಚರಿಕೆ ಬರಲ್ಲ. ಹಾಗೇ ಬುರುಡೆ ಇದ್ದ ಕಡೆ ಆಶ್ಚರ್ಯ ಚಿಹ್ನೆ ಬೇಡ.

ಎಲ್ಲಕ್ಕಿಂತ ಮೇಲೆ, ಅತಿ ದಪ್ಪ ಅಕ್ಷರದಲ್ಲಿ ಹಾಕಿದ್ದು ಶೆಡ್ಡಲ್ಲಿ ಕರೆಯೋ ಹೆಸರು. ಅದರ ಕೆಳಗೆ ಬಿಲ್ಲಿನ ಹೆಸರು, ಪರ್ಸೆಂಟು, ಯುಎನ್ ನಂಬರು, ಅಂದ್ರೆ ಸಾಗಿಸೋವಾಗ ಗುರುತಿಗೆ ವಿಶ್ವಸಂಸ್ಥೆ ಕೊಟ್ಟಿರೋ ನಂಬರು. ಹೈಡ್ರೋಕ್ಲೋರಿಕ್ 1789, ಹೈಪೋ 1791, ಎಷ್ಟು ಹತ್ರ ನೋಡಿ, ಎರಡೇ ನಂಬರ್ ಆಚೆ ಈಚೆ. ಟ್ಯಾಂಕರ್ ಲಾರಿ ಹಿಂದೆ ಕಿತ್ತಳೆ ಪಟ್ಟೀಲಿ ಕಾಣೋದು ಇದೇ ನಂಬರು. ಕೆಳಗಡೆ ಜಿಎಚ್‌ಎಸ್‌ನಲ್ಲಿ ಇಲ್ಲದ ಒಂದು ಕಪ್ಪು ಪಟ್ಟಿ ನಾನೇ ಸೇರಿಸಿದ್ದು, "ಇದರ ಜೊತೆ ಸೇರಿಸಬೇಡಿ" ಅಂತ. ಹೈಪೋಗೆ "ಯಾವ ಆಸಿಡ್ಡೂ ಬೇಡ". ಎಸ್‌ಎಂಬಿಎಸ್‌ಗೂ (ಸೋಡಿಯಂ ಮೆಟಾಬೈಸಲ್ಫೈಟು) ಅದೇ, ಕೊಳೆ ನೀರು ಶುದ್ಧ ಮಾಡೋ ಇಟಿಪಿನಲ್ಲಿ ಹಳದಿ ಕ್ರೋಮ್ ನೀರನ್ನ ಹಸಿರು ಮಾಡೋಕೆ ಅದನ್ನ ಆಸಿಡ್ ನೀರಿಗೆ ಬೇಕಂತಾನೇ ಹಾಕ್ತೀವಿ, ಆದ್ರೆ ಲೆಕ್ಕ ತಪ್ಪಿದ್ರೆ ಸಲ್ಫರ್ ಡೈಆಕ್ಸೈಡ್ ಮೂಗಿಗೆ ಬಡಿಯುತ್ತೆ. ನೈಟ್ರಿಕ್ ಮತ್ತೆ ಕ್ರೋಮಿಕ್ಕಿಗೆ "ಮರದ ಹೊಟ್ಟು, ಥಿನ್ನರ್, ಬಟ್ಟೆ ಬೇಡ". ಇದನ್ನ ಬರೆಯುವಾಗಲೇ ಹೊಳೀತು, ನಮ್ಮಲ್ಲಿ ಪ್ಲೇಟಿಂಗ್ ಆದ ಬೋಲ್ಟ್ ಒಣಗಿಸೋ ಮರದ ಹೊಟ್ಟಿನ ಚೀಲ ಕ್ರೋಮಿಕ್ ಡ್ರಮ್ಮಿಗೇ ಒರಗಿಸಿ ಇಟ್ಟಿದ್ದೀವಿ, ನೆಲದ ಮೇಲೆ ಏನು ಚೆಲ್ಲಿದ್ರೂ ಅದೇ ಹೊಟ್ಟು ಹಾಕಿ ಒರೆಸೋದು. ಅವತ್ತೇ ಹೊಟ್ಟು ಆಚೆ ಕಡೆ ಹೋಯ್ತು, ಚೆಲ್ಲಿದ್ದಕ್ಕೆ ಒಣ ಮರಳು ಬಂತು.

ನಮ್ಮೂರು ಪಾಂಡವಪುರದ ಕಡೆ. ರಜಕ್ಕೆ ಹೋದಾಗ ಚಿಕ್ಕಪ್ಪನ ಆಲೆಮನೇಲಿ ಈ ಲೇಬಲ್ ಕತೆ ಹೇಳ್ತಾ ಕೂತಿದ್ದೆ, ಮೂಲೇಲಿ ಬೆಲ್ಲಕ್ಕೆ ಹಳದಿ ಬಣ್ಣ ಬರ್ಲಿ ಅಂತ ಹಾಕೋ ಹೈಡ್ರೋಸ್ ಡಬ್ಬ ಮುಚ್ಚಳ ತೆಗೆದೇ ಇತ್ತು, ಪಕ್ಕದಲ್ಲಿ ಒಣಗಿದ ಕಬ್ಬಿನ ರಚ್ಚು ರಾಶಿ. ಹೈಡ್ರೋಸ್ ಅಂದ್ರೆ ಸೋಡಿಯಂ ಡೈಥಯೋನೈಟು, ತೇವ ತಾಗಿದ್ರೆ ತನ್ನಷ್ಟಕ್ಕೆ ಕಾದು ಹೊತ್ಕೊಳ್ಳೋ ಸಾಮಾನು. ಹೇಳ್ದೆ. "ನಿಮ್ಮಪ್ಪನ ಕಾಲದಿಂದ ಅಲ್ಲೇ ಇದೆ ಕಣಪ್ಪ" ಅಂದ್ರು ಚಿಕ್ಕಪ್ಪ. ಮುಚ್ಚಳ ಮಾತ್ರ ಹಾಕ್ಸಿ ಬಂದೆ.

ಪ್ರಿಂಟಿಂಗಿಗೆ ಬರ್ತೀನಿ, ದುಡ್ಡು ಕಳೆದಿದ್ದು ಇಲ್ಲೇ. ಮೊದಲು ಆಫೀಸಿನ ಇಂಕ್‌ಜೆಟ್ಟಲ್ಲಿ ಸ್ಟಿಕ್ಕರ್ ಪೇಪರ್ ಮೇಲೆ ಹೊಡೆದು ಮೇಲೆ ಸೆಲ್ಲೋಟೇಪ್ ಹಾಕ್ದೆ. ಹತ್ತು ದಿನಕ್ಕೆ ಆಸಿಡ್ ಹೊಗೆಗೆ ಟೇಪಿನ ಅಂಚಿಂದ ಇಂಕು ಇಳಿದು ಕೆಂಪು ಅಂಚು ರೋಸ್ ಕಲರ್ ಆಯ್ತು, ಬುರುಡೆ ಮಾತ್ರ ನಗ್ತಾ ಇತ್ತು. ಆಮೇಲೆ ಬಾರ್‌ಕೋಡ್ ಹೊಡೆಯೋ ಥರ್ಮಲ್ ಪ್ರಿಂಟರ್ ಒಂದನ್ನ ಸ್ನೇಹಿತನ ಹತ್ರ ಎರವಲು ತಂದೆ, ಅದರಲ್ಲಿ ಪ್ಲಾಸ್ಟಿಕ್ ಲೇಬಲ್ಲು, ರೆಸಿನ್ ರಿಬ್ಬನ್ನು, ಚೆನ್ನಾಗೇ ಬರುತ್ತೆ, ಆದ್ರೆ ಅದರ ಸಾಫ್ಟ್‌ವೇರಿಗೆ ಕನ್ನಡ ಬರಲ್ಲ. ಒತ್ತಕ್ಷರ ಎಲ್ಲಾ ಬಿಡಿಬಿಡಿ, ಆಸಿಡ್ ಅನ್ನೋದರ ಗುಡಿಸು ಒಂದು ಕಡೆ ಸ ಒಂದು ಕಡೆ. ಡಿಟಿಪಿ ಮಾಡಿಸಿದ ಫೈಲು ನುಡಿ ಸಾಫ್ಟ್‌ವೇರಿನ ಅಕ್ಷರದಲ್ಲಿತ್ತು, ಅದನ್ನ ಯೂನಿಕೋಡ್ ಮಾಡೋಕೆ ಹೋಗಿ ಇನ್ನೊಂದು ರಾಮಾಯಣ. ಕೊನೆಗೆ ಅಕ್ಷರನ್ನೆಲ್ಲಾ ಫೋಟೋ ಥರ ಇಮೇಜ್ ಮಾಡಿ ಕಳ್ಸಿದ್ರೆ ಬಂತು, ಆದ್ರೆ ಅದು ಕಪ್ಪು ಮಾತ್ರ, ಕೆಂಪು ಅಂಚು ಮೊದಲೇ ಛಾಪಿಸಿದ ರೋಲ್ ತಗೋಬೇಕು, ಆ ರೋಲಲ್ಲಿ ಮೂರು ವಜ್ರ ಇರುತ್ತೆ, ನಮಗೆ ಎರಡೇ ಚಿತ್ರ ಬೇಕಾದಾಗ ಒಂದು ಖಾಲಿ ಉಳಿಯುತ್ತೆ. ಖಾಲಿ ವಜ್ರ ಬಿಡಬಾರದು, ಅಮೆರಿಕದ ರೂಲಲ್ಲಿ ಅದಕ್ಕೆ ಸ್ಪಷ್ಟವಾಗಿ ಬೇಡ ಅಂತಾನೇ ಇದೆ, ನೋಡೋರಿಗೆ ಏನೋ ಅಳಿಸಿಹೋಗಿದೆ ಅನ್ಸುತ್ತೆ.

ಕೊನೆಗೆ ಗೆದ್ದಿದ್ದು ಯಾರು ಅಂದ್ರೆ ಬೈಕಿನ ನಂಬರ್ ಪ್ಲೇಟ್ ಮಾಡೋ ರೇಡಿಯಂ ಸ್ಟಿಕ್ಕರ್ ಅಂಗಡಿಯೋರು. ವಿನೈಲ್ ಮೇಲೆ ಕಲರ್ ಪ್ರಿಂಟ್ ಹೊಡೆದು ಮೇಲೆ ಲ್ಯಾಮಿನೇಷನ್ ಹಾಕಿ ಕೊಟ್ರು, ಚದರಡಿ ಲೆಕ್ಕ. "ಸಾರ್ ಇದೇನು ಡೆವಿಲ್ ಸ್ಟಿಕ್ಕರ್ರಾ, ಇನ್ನೊಂದು ನಮಗೂ ಹೊಡ್ಕೊಳ್ಲಾ" ಅಂತ ಬುರುಡೆಗೆ ಆಸೆಪಟ್ಟ ಅಂಗಡಿ ಹುಡುಗ. ಅಳತೆ ಯುರೋಪಿಂದು ಹಿಡಿದೆ, 3 ಲೀಟರ್ ಒಳಗಿನ ಬಾಟಲಿಗೆ 52 ಇಂಟು 74 ಮಿಲಿಮೀಟರು, 50 ಲೀಟರ್ ತನಕ 74 ಇಂಟು 105, ಅದಕ್ಕೂ ದೊಡ್ಡ ಡ್ರಮ್ಮಿಗೆ 105 ಇಂಟು 148. ಇದು ಕನಿಷ್ಠ ಅಳತೆ, ಕನ್ನಡ ಹಿಂದಿ ಎರಡೂ ಹಿಡೀಬೇಕಲ್ಲ, ನಾನು ಒಂದು ಸೈಜ್ ದೊಡ್ಡದೇ ಮಾಡಿಸ್ದೆ.

ಅಂಟೋದು ಇನ್ನೊಂದು ತಲೆನೋವು. ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನ್ ಮೇಲೆ ಯಾವ ಗೋಂದೂ ಸರಿಯಾಗಿ ಹಿಡಿಯಲ್ಲ, ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಮೂಲೆ ಎದ್ದಿರುತ್ತೆ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದ ಬಟ್ಟೇಲಿ ಒರೆಸಿ, ಹೇರ್ ಡ್ರೈಯರಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಆಮೇಲೆ ಮಧ್ಯದಿಂದ ಅಂಚಿಗೆ ಬಟ್ಟೆ ಒತ್ತಿ ಉಜ್ಜಿದ್ರೆ ನಿಲ್ಲುತ್ತೆ. ಹೇರ್ ಡ್ರೈಯರು ಹೆಂಡತೀದು, ಅದನ್ನ ವಾಪಸ್ ಒಯ್ದಾಗ ಆಗಿದ್ದು ಇಲ್ಲಿ ಬೇಡ. ಐಪಿಎ ಹೊತ್ಕೊಳ್ಳೋ ಸಾಮಾನು, ಪೂರ್ತಿ ಆರಿದ ಮೇಲೇನೇ ಡ್ರೈಯರ್ ಹಿಡೀರಿ. ಜಾಗಾನೂ ಮುಖ್ಯ, ಬಾಯಿ ಯಾವ ಕಡೆ ಇದೆಯೋ ಅದರ ಕೆಳಗೆ ಹಚ್ಚಬೇಡಿ, ಬಗ್ಗಿಸಿದಾಗಲೆಲ್ಲಾ ಹನಿ ಇಳಿದು ಅಲ್ಲೇ ತಿನ್ನುತ್ತೆ, ಅದರ ಎದುರು ಬದಿಗೆ ಹಚ್ಚಿ. ಥಿನ್ನರ್ ಡ್ರಮ್ಮಿಗೆ ಮಾತ್ರ ವಿನೈಲ್ ಸೋತೋಯ್ತು, ಥಿನ್ನರಲ್ಲಿರೋ ಟಾಲ್ವೀನ್ ತಾಗಿ ಊದ್ಕೊಂಡು ಸುಕ್ಕಾಯ್ತು. ಅದಕ್ಕೆ ಅಲ್ಯೂಮಿನಿಯಂ ತಗಡಿಗೆ ಪಂಚ್ ಹೊಡೆಸಿ ತಂತೀಲಿ ಕಟ್ಟಿದೀನಿ. ಬಳಸಿ ಬಂದ ಕ್ಯಾನ್ ಇನ್ಮೇಲೆ ಗೇಟಲ್ಲೇ ನಿಲ್ಲುತ್ತೆ, ಹಳೆ ಚೀಟಿ ಕಿತ್ತು, ಕಿತ್ತು ಬರದಿದ್ರೆ ಕಪ್ಪು ಪೇಂಟ್ ಬಳಿದು, ಹೊಸದು ಹಚ್ಚಿದ್ಮೇಲೇನೇ ಒಳಗೆ. ಸಪ್ಲೈ ಮಾಡೋರಿಗೆ ಕೋಪ ಬಂತು. ಬರ್ಲಿ.

ಪೆರಾಕ್ಸೈಡ್ ಕ್ಯಾನಿನ ಮುಚ್ಚಳಕ್ಕೂ ಒಂದು ಸಣ್ಣ ಸ್ಟಿಕ್ಕರ್ ಬೇಕಾಯ್ತು, "ಈ ಮುಚ್ಚಳಾನೇ ಹಾಕಿ" ಅಂತ. ಅದರ ಮುಚ್ಚಳದಲ್ಲಿ ಗಾಳಿ ಹೋಗೋ ಸಣ್ಣ ದಾರಿ ಇರುತ್ತೆ, ಒಳಗೆ ಆಕ್ಸಿಜನ್ ಬರ್ತಾನೇ ಇರುತ್ತಲ್ಲ, ಬೇರೆ ಬಿಗಿ ಮುಚ್ಚಳ ಹಾಕಿದ್ರೆ ಕ್ಯಾನ್ ಬಸುರಿ ಥರ ಉಬ್ಬುತ್ತೆ, ಒಂದು ಉಬ್ಬಿತ್ತು ಕೂಡ.

ಎಲ್ಲಾ ಹಚ್ಚಿ ಮುಗೀತು ಅನ್ನೋಷ್ಟರಲ್ಲಿ ದಸರಾ ಬಂತು. ಆಯುಧಪೂಜೆ ದಿನ ಬೆಳಿಗ್ಗೆ ಅಕ್ಕಂದಿರು ಪ್ರೀತಿಯಿಂದ ಪ್ರತಿ ಡ್ರಮ್ಮಿಗೂ ಅರಿಶಿನ ಬಳಿದು ಕುಂಕುಮ ಇಟ್ಟು ಚೆಂಡು ಹೂ ಹಾರ ಹಾಕಿದ್ರು, ಎಲ್ಲಿ ಇಟ್ರು ಅಂದ್ರೆ ಸರಿಯಾಗಿ ಬುರುಡೆ ಹಣೆಗೇ. ಓದೋಕೆ ಏನೂ ಇಲ್ಲ. ಯಜಮಾನ್ರು ಕರ್ಪೂರದಾರತಿ ಹಿಡ್ಕೊಂಡು ಒಂದೊಂದೇ ಡ್ರಮ್ಮಿಗೆ ಎತ್ತುತ್ತಾ ಥಿನ್ನರ್ ಕಡೆ ಬರ್ತಿದ್ರು, ಟಾಲ್ವೀನಿನ ಫ್ಲ್ಯಾಶ್ ಪಾಯಿಂಟ್ 4 ಡಿಗ್ರಿ, ಅಂದ್ರೆ ಮೈಸೂರಿನ ಚಳಿಗಾಲದಲ್ಲೂ ಅದರ ಆವಿ ಹೊತ್ಕೊಳ್ಳೋಕೆ ರೆಡಿ. ನಾನು ಅಡ್ಡ ನಿಂತು "ಯಜಮಾನ್ರೇ, ಇದಕ್ಕೆ ದೂರದಿಂದಾನೇ ಕೈ ಮುಗಿಯೋಣ" ಅಂದೆ. ನಕ್ಕು ಸುಮ್ನಾದ್ರು.

ಅವತ್ತೇ ಒಂದು ಮಜಾ ಆಯ್ತು. ಕಾಸ್ಟಿಕ್ ಲೈ ಡ್ರಮ್ಮಿಗೆ ಬಳಿದ ಅರಿಶಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಳದ ಕೆಳಗೆ ಒಂದು ಕಡೆ ರಕ್ತದ ಥರ ಕೆಂಪಾಗಿತ್ತು. ಅಕ್ಕಂದಿರು ಗಾಬರಿ ಆಗಿ ಅಪಶಕುನ ಅಂದ್ರು. ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಓಕುಳಿ ಕೆಂಪಾಗಲ್ವಾ, ಅದೇ ಇದು, ಕ್ಷಾರ ತಾಗಿದೆ. ಮುಚ್ಚಳ ಬಿಚ್ಚಿ ನೋಡಿದ್ರೆ ವಾಷರ್ ಸೀಳಿ ಸಣ್ಣಗೆ ಜಿನುಗ್ತಾ ಇತ್ತು, ಎಷ್ಟು ದಿನದಿಂದಾನೋ, ಬಣ್ಣ ಇಲ್ಲದ ನೀರಿನ ಥರ ಇರೋದ್ರಿಂದ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಈಗ ಪ್ರತಿ ಸೋಮವಾರ ಕಾಸ್ಟಿಕ್ ಡ್ರಮ್ಮುಗಳ ಮುಚ್ಚಳದ ಸುತ್ತ ಒಂದು ಗೆರೆ ಅರಿಶಿನ ಎಳೀತೀವಿ, ಲೇಬಲ್ ಬಿಟ್ಟು.

ಇನ್ನೂ ಆಗದೇ ಇರೋದು ಟ್ಯಾಂಕುಗಳದ್ದು. ಬಿಸಿ ಡಿಗ್ರೀಸಿಂಗ್ ಟ್ಯಾಂಕಿನ ಹಬೆಗೆ ವಿನೈಲ್ ಮೂರನೇ ಸಲ ಎದ್ದು ಬಂದಿದೆ, ಈಗ ಟ್ಯಾಂಕಿಗೆ ಹಚ್ಚೋದು ಬಿಟ್ಟು ಹಿಂದಿನ ಗೋಡೆಗೆ ಆಯಿಲ್ ಪೇಂಟಲ್ಲಿ ಬರೆಸೋಣ ಅಂತ ಒಬ್ರು ಬೋರ್ಡ್ ಬರೆಯೋ ಆರ್ಟಿಸ್ಟನ್ನ ಕರೆಸಿದೀನಿ, ಅವರು ಕೈ ಸುಡೋ ಚಿತ್ರ ನೋಡಿ "ಸಾರ್, ಕೈ ಕೆಳಗೆ ಒಂದು ವಾಶ್ ಬೇಸಿನ್ ಬರೀಲಾ?" ಅಂದ್ರು.